ಅಂಗವರ್ಧಕ ಸ್ಟೀರಾಯ್ಡುಗಳು: ಪರಿಣಾಮ, ಅಪಾಯ, ನಿಯಂತ್ರಣ

ಬತ್ತದ ಗದ್ದೆಗೆ ಸಾರಜನಕದ ಗೊಬ್ಬರವನ್ನು ಮಿತಿಮೀರಿ ಹಾಕಿದರೆ ಆಗುವುದೇನೆಂಬುದನ್ನು ವಿ.ಸಿ. ಫಾರಂನ ವಿದ್ಯಾರ್ಥಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಪೈರು ಕಡುಹಸುರಾಗಿ ಹುಲುಸಾಗಿ ಬೆಳೆಯುತ್ತದೆ. ದಾರಿಹೋಕನ ಕಣ್ಣಿಗೆ ಅದಕ್ಕಿಂತ ಸೊಗಸಾದ ಬೆಳೆ ಬೇರೊಂದಿಲ್ಲ. ಆದರೆ ದಂಟು ನೀಳವಾಗಿ, ಮೆತ್ತಗಾಗಿ, ಬೆಂಕಿರೋಗಕ್ಕೂ ಜಿಗಿಹುಳುವಿಗೂ ಎಡೆಗೊಟ್ಟು, ತೆನೆ ಬಲಿಯುವ ಹೊತ್ತಿಗೆ ಒಂದು ಗಾಳಿಮಳೆಗೆ ನೆಲಕ್ಕೊರಗುತ್ತದೆ. ಬೆಳೆಯನ್ನು ಉಬ್ಬಿಸಿದ ಸಾರವೇ ಅದನ್ನು ಕೆಡಹಿದ ಸಾರವೂ ಆಗಿರುತ್ತದೆ. ಎರಡಕ್ಕೂ ಕಾರಣ ಒಂದೇ ಆದುದರಿಂದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಸಾಧ್ಯವಾಗುವುದಿಲ್ಲ.

ಮನುಷ್ಯದೇಹದಲ್ಲಿಯೂ ಇಂತಹುದೇ ಒಂದು ಪ್ರಸಂಗವು ಇಂದು ನಮ್ಮ ಊರುಗಳ ವ್ಯಾಯಾಮಶಾಲೆಗಳವರೆಗೆ ಬಂದು ನಿಂತಿದೆ. ಮಾಂಸಖಂಡಗಳನ್ನು ಬೇಗನೆ ಬೆಳೆಸಿಕೊಳ್ಳಬೇಕೆಂಬ ಹಂಬಲದಿಂದ ತರುಣರು ಸೇವಿಸುವ ಅಂಗವರ್ಧಕ ಸ್ಟೀರಾಯ್ಡುಗಳು, ಎಂದರೆ ಅನಬಾಲಿಕ್ ಸ್ಟೀರಾಯ್ಡುಗಳು, ಈ ಲೇಖನದ ವಸ್ತು. ಇವು ಯಾವುವು, ದೇಹದಲ್ಲಿ ಏನು ಮಾಡುತ್ತವೆ, ಇವುಗಳನ್ನು ತಡೆಯಲು ಇರುವ ಕಟ್ಟಳೆಗಳೇನು, ಆ ಕಟ್ಟಳೆಗಳು ಎಲ್ಲಿಯವರೆಗೆ ತಲಪುತ್ತವೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

೧. ಹೆಸರಿನ ಗೊಂದಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ‘ಸ್ಟೀರಾಯ್ಡು’ ಎಂಬುದು ಒಂದೇ ಔಷಧದ ಹೆಸರಲ್ಲ; ನಾಲ್ಕು ಇಂಗಾಲದ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡಿರುವ ರಾಸಾಯನಿಕ ವಸ್ತುಗಳ ಒಂದು ದೊಡ್ಡ ಕುಲದ ಹೆಸರು. ಕೊಲೆಸ್ಟರಾಲು ಈ ಕುಲಕ್ಕೆ ಸೇರಿದ್ದು. ಸ್ತ್ರೀ ಪುರುಷ ಹಾರ್ಮೋನುಗಳೂ ಇದೇ ಕುಲದವು. ಉಬ್ಬಸದವರು ಸೇದುವ ಔಷಧದಲ್ಲಿಯೂ, ಕೀಲುವಾತಕ್ಕೆ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯಲ್ಲಿಯೂ ಇರುವುದು ಅಡ್ರಿನಲ್ ಗ್ರಂಥಿಯ ಹಾರ್ಮೋನಿನ ಮಾದರಿಯ ಸ್ಟೀರಾಯ್ಡು. ಅದರ ಕೆಲಸವು ಉರಿಯೂತವನ್ನು ತಗ್ಗಿಸುವುದು. ದೀರ್ಘಕಾಲ ಸೇವಿಸಿದರೆ ಅದು ಮಾಂಸಖಂಡವನ್ನು ಬೆಳೆಸುವುದಿರಲಿ, ಕರಗಿಸುತ್ತದೆ. ಆದುದರಿಂದ ವೈದ್ಯರು ಬರೆದುಕೊಟ್ಟ ಉಬ್ಬಸದ ಔಷಧವನ್ನು ‘ಸ್ಟೀರಾಯ್ಡು’ ಎಂದು ಹೆದರಿ ಬಿಡುವವನೂ, ವ್ಯಾಯಾಮಶಾಲೆಯಲ್ಲಿ ಸಿಕ್ಕಿದ ಸೂಜಿಮದ್ದನ್ನು ‘ವೈದ್ಯರೂ ಕೊಡುವುದೇ ಅಲ್ಲವೆ’ ಎಂದು ನೆಚ್ಚುವವನೂ ಒಂದೇ ಗೊಂದಲಕ್ಕೆ ಸಿಕ್ಕಿದವರು. ನಾವು ಇಲ್ಲಿ ಹೇಳುವುದು ಪುರುಷ ಹಾರ್ಮೋನಾದ ಟೆಸ್ಟೊಸ್ಟೆರೋನನ್ನೂ, ಅದನ್ನು ಅಷ್ಟಿಷ್ಟು ಮಾರ್ಪಡಿಸಿ ಕೃತಕವಾಗಿ ತಯಾರಿಸಿದ ವಸ್ತುಗಳನ್ನೂ ಕುರಿತು ಮಾತ್ರ.

೨. ಇತಿಹಾಸ

ಈ ವಿದ್ಯೆಯಲ್ಲಿ ೧೯೩೫ನೆಯ ಇಸವಿಯು ಮುಖ್ಯವಾದುದು. ಆ ವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಅರ್ನ್‌ಸ್ಟ್ ಲಾಕರ್ ಮತ್ತು ಆತನ ಸಂಗಡಿಗರು ೧೦೦ ಕಿಲೋಗ್ರಾಂ ತೂಕದ ಹೋರಿಯ ವೃಷಣಗಳಿಂದ ಸುಮಾರು ೧೦ ಮಿಲಿಗ್ರಾಂ ಶುದ್ಧ ಟೆಸ್ಟೊಸ್ಟೆರೋನನ್ನು ಬೇರ್ಪಡಿಸಿದರು. ಕೆಲವೇ ತಿಂಗಳಲ್ಲಿ ಬುಟೆನಾಂಟ್ ಮತ್ತು ರುಝಿಚ್ಕ ಎಂಬಿಬ್ಬರು ವಿಜ್ಞಾನಿಗಳು ತಾವು ತಾವಾಗಿಯೇ ಅದನ್ನು ಕೊಲೆಸ್ಟರಾಲಿನಿಂದ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ೧೯೩೯ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಇವರಿಬ್ಬರಿಗೆ ಸಂದಿತು. ಅದೇ ೧೯೩೫ರಲ್ಲಿ ಅಮೆರಿಕದ ಚಾರ್ಲ್ಸ್ ಕೋಚಾಕಿಯನ್ ಎಂಬಾತನು ವೃಷಣಗಳನ್ನು ತೆಗೆದ ನಾಯಿಗಳಿಗೆ ಪುರುಷ ಹಾರ್ಮೋನಿನ ಸಾರವನ್ನು ಕೊಟ್ಟಾಗ ಮೂತ್ರದಲ್ಲಿ ಹೊರಹೋಗುವ ಸಾರಜನಕವು ತಗ್ಗಿದುದನ್ನು ತೋರಿಸಿದನು. ಹೊರಗೆ ಹೋಗದ ಸಾರಜನಕವು ಒಳಗೆ ಪ್ರೋಟೀನಾಗಿ, ಮಾಂಸಖಂಡವಾಗಿ ಉಳಿಯಿತೆಂದು ಇದರ ಅರ್ಥ. ಗದ್ದೆಯ ಲೆಕ್ಕದಲ್ಲಿ ನಾವು ಯಾವ ಧಾತುವನ್ನು ಅಳೆಯುತ್ತೇವೆಯೋ ದೇಹದ ಲೆಕ್ಕದಲ್ಲಿಯೂ ಅದನ್ನೇ ಅಳೆದುದು ಇಲ್ಲಿ ಗಮನಿಸತಕ್ಕ ಸಂಗತಿ.

ಟೆಸ್ಟೊಸ್ಟೆರೋನನ್ನು ಮಾತ್ರೆಯಾಗಿ ನುಂಗಿದರೆ ಯಕೃತ್ತು ಅದನ್ನು ಬೇಗನೆ ನಾಶಮಾಡಿಬಿಡುತ್ತದೆ. ಇದನ್ನು ತಪ್ಪಿಸಲು ರಸಾಯನಜ್ಞರು ಅದರ ಅಣುವಿನ ೧೭ನೆಯ ಇಂಗಾಲಕ್ಕೆ ಒಂದು ಮೀಥೈಲ್ ಗುಂಪನ್ನು ಜೋಡಿಸಿದರು. ಹಾಗೆ ಹುಟ್ಟಿದವುಗಳಲ್ಲಿ ಮೆಥಾಂಡಿಯನೋನ್, ಸ್ಟಾನೊಝೊಲಾಲ್ ಎಂಬುವು ಪ್ರಸಿದ್ಧವಾದುವು. ಮೆಥಾಂಡಿಯನೋನನ್ನು ಸೀಬಾ ಸಂಸ್ಥೆಯು ೧೯೫೮ರಲ್ಲಿ ಡಯನಬಾಲ್ ಎಂಬ ಹೆಸರಿನಿಂದ ಅಮೆರಿಕದ ಮಾರುಕಟ್ಟೆಗೆ ತಂದಿತು. ಭಾರ ಎತ್ತುವವರ ವಲಯದಲ್ಲಿ ಅದು ಬಲುಬೇಗ ಹರಡಿತು. ಪೂರ್ವ ಜರ್ಮನಿಯಲ್ಲಂತೂ ೧೯೭೪ರಿಂದ ಸರ್ಕಾರವೇ ಗುಪ್ತಯೋಜನೆಯೊಂದನ್ನು ನಡೆಸಿ, ಬಾಲಕಿಯರೂ ಸೇರಿದಂತೆ ಸಾವಿರಾರು ಮಂದಿ ಕ್ರೀಡಾಪಟುಗಳಿಗೆ, ಅನೇಕ ವೇಳೆ ಅವರಿಗೆ ತಿಳಿಸದೆಯೇ, ಇಂತಹ ಮಾತ್ರೆಗಳನ್ನು ಕೊಡಿಸಿತು. ಅದಕ್ಕೆ ಹೊಣೆಗಾರರಾದ ಹಿರಿಯ ಅಧಿಕಾರಿಗಳಿಗೆ ೨೦೦೦ದಲ್ಲಿ ಬರ್ಲಿನಿನ ನ್ಯಾಯಾಲಯವು ಶಿಕ್ಷೆ ವಿಧಿಸಿತು.

ವೈದ್ಯಶಾಸ್ತ್ರದಲ್ಲಿ ಇವಕ್ಕೆ ಸ್ಥಾನವಿಲ್ಲದೆ ಇಲ್ಲ. ವೃಷಣಗಳು ಹಾರ್ಮೋನನ್ನು ಸಾಕಷ್ಟು ಸ್ರವಿಸದಿರುವವರಿಗೆ ಟೆಸ್ಟೊಸ್ಟೆರೋನು ಸರಿಯಾದ ಚಿಕಿತ್ಸೆ. ಕೆಲವು ಬಗೆಯ ರಕ್ತಹೀನತೆ, ಕ್ಷಯಿಸುವ ರೋಗಗಳು, ಹುಡುಗರಲ್ಲಿ ತೀರ ತಡವಾದ ಪ್ರಾಯಪ್ರಾಪ್ತಿ, ಇವುಗಳಲ್ಲಿಯೂ ಇಂತಹ ಔಷಧಗಳನ್ನು ಬಳಸಿದ್ದುಂಟು. ಅಲ್ಲಿ ಕೊಡುವುದು ಕೊರತೆಯನ್ನು ತುಂಬುವಷ್ಟು. ಇಲ್ಲಿ ತೆಗೆದುಕೊಳ್ಳುವುದು ತುಂಬಿದ ಕೆರೆಗೆ ಮತ್ತೆ ತೂಬು ಬಿಟ್ಟಂತೆ.

೩. ಇವು ನಿಜವಾಗಿಯೂ ಕೆಲಸ ಮಾಡುತ್ತವೆಯೆ?

ಈ ಪ್ರಶ್ನೆಗೆ ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾದುದು ಅಧ್ಯಾಪಕರ ಕರ್ತವ್ಯ. ಅಮೆರಿಕದ ಕ್ರೀಡಾವೈದ್ಯ ವಿದ್ವಾಂಸರ ಪರಿಷತ್ತು ೧೯೭೭ರಲ್ಲಿ, ಈ ವಸ್ತುಗಳಿಂದ ಬಲವು ಹೆಚ್ಚುವುದೆಂಬುದಕ್ಕೆ ಆಧಾರ ಸಾಲದೆಂಬ ಅಭಿಪ್ರಾಯವನ್ನು ಪ್ರಕಟಿಸಿತು. ಕಣ್ಣಾರೆ ಕಂಡಿದ್ದ ಕ್ರೀಡಾಪಟುಗಳು ಅದನ್ನು ನಂಬಲಿಲ್ಲ. ಅಷ್ಟೇ ಅಲ್ಲ, ಅಪಾಯಗಳನ್ನು ಕುರಿತು ವೈದ್ಯರು ಹೇಳಿದ ಮಾತನ್ನೂ ನಂಬುವುದನ್ನು ಬಿಟ್ಟರು. ಮುಂದಿನ ದಶಕದಲ್ಲಿ ಆ ಪರಿಷತ್ತು ತನ್ನ ಅಭಿಪ್ರಾಯವನ್ನು ತಿದ್ದಿಕೊಂಡಿತಾದರೂ ಕಳೆದ ವಿಶ್ವಾಸವು ಸುಲಭವಾಗಿ ಮರಳಲಿಲ್ಲ.

ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸಮಾಡಿದ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಸಂದೇಹವನ್ನು ತೀರಿಸಿತು. ಆರೋಗ್ಯವಂತರಾದ ಗಂಡಸರನ್ನು ನಾಲ್ಕು ತಂಡಗಳಾಗಿ ಮಾಡಿ, ಎರಡು ತಂಡಗಳಿಗೆ ವಾರಕ್ಕೆ ೬೦೦ ಮಿಲಿಗ್ರಾಮಿನಂತೆ ೧೦ ವಾರ ಟೆಸ್ಟೊಸ್ಟೆರೋನ್ ಸೂಜಿಮದ್ದನ್ನೂ, ಉಳಿದೆರಡಕ್ಕೆ ಬರಿಯ ಸೋಗಿನ ಸೂಜಿಮದ್ದನ್ನೂ ಕೊಟ್ಟರು. ಪ್ರತಿಯೊಂದು ಜೋಡಿಯಲ್ಲಿ ಒಂದು ತಂಡವು ಭಾರ ಎತ್ತುವ ವ್ಯಾಯಾಮ ಮಾಡಿತು. ಇನ್ನೊಂದು ಸುಮ್ಮನೆ ಕುಳಿತಿತು. ಔಷಧ ಪಡೆದು ಸುಮ್ಮನೆ ಕುಳಿತವರಲ್ಲಿ ಕೊಬ್ಬುರಹಿತ ದೇಹಭಾರವು ಸರಾಸರಿ ೩ ಕಿಲೋಗ್ರಾಮಿಗೂ ಸ್ವಲ್ಪ ಮೇಲ್ಪಟ್ಟು ಹೆಚ್ಚಿತು. ಔಷಧವಿಲ್ಲದೆ ವ್ಯಾಯಾಮ ಮಾಡಿದವರಲ್ಲಿ ಸುಮಾರು ೨ ಕಿಲೋಗ್ರಾಂ. ಎರಡೂ ಕೂಡಿದವರಲ್ಲಿ ಸುಮಾರು ೬ ಕಿಲೋಗ್ರಾಂ. ಬೆವರು ಸುರಿಸಿದವನಿಗಿಂತ ಔಷಧ ಸೇವಿಸಿ ಕುಳಿತವನೇ ಹೆಚ್ಚು ಬೆಳೆದನೆಂಬುದೇ ಇದರ ಆಕರ್ಷಣೆ. ಕ್ರೀಡೆಯಲ್ಲಿ ಇದು ಅನ್ಯಾಯವೆನಿಸುವುದೂ ಈ ಕಾರಣದಿಂದಲೇ.

ಇಲ್ಲಿ ಅಳತೆಯನ್ನು ಮರೆಯಬಾರದು. ವಯಸ್ಕ ಪುರುಷನ ದೇಹವು ದಿನಕ್ಕೆ ಸುಮಾರು ೩ರಿಂದ ೧೦ ಮಿಲಿಗ್ರಾಂ ಟೆಸ್ಟೊಸ್ಟೆರೋನನ್ನು ಉತ್ಪಾದಿಸುತ್ತದೆ. ವಾರಕ್ಕೆ ೬೦೦ ಮಿಲಿಗ್ರಾಂ ಎಂಬುದು ಅದರ ಹತ್ತುಪಾಲಿನ ಆಸುಪಾಸಿನದು. ಆ ಪ್ರಯೋಗವು ವೈದ್ಯರ ಕಣ್ಗಾವಲಿನಲ್ಲಿ, ಒಂದೇ ಔಷಧದಿಂದ, ಹತ್ತು ವಾರಗಳ ಮಟ್ಟಿಗೆ ನಡೆಯಿತು. ಗೋಪ್ಯವಾಗಿ ಸೇವಿಸುವವರು ಎರಡು ಮೂರು ಔಷಧಗಳನ್ನು ಒಟ್ಟುಗೂಡಿಸಿ, ಇದಕ್ಕೂ ಮಿಗಿಲಾದ ಪ್ರಮಾಣದಲ್ಲಿ, ವರ್ಷಗಟ್ಟಲೆ ಸೇವಿಸುವುದುಂಟು.

೪. ಲಾಭಹಾನಿಗಳ ಒಂದೇ ಮೂಲ

ಮಾಂಸಖಂಡವನ್ನು ಮಾತ್ರ ಬೆಳೆಸಿ ದೇಹದ ಬೇರಾವ ಭಾಗವನ್ನೂ ಮುಟ್ಟದಂತಹ ಸ್ಟೀರಾಯ್ಡನ್ನು ಕಂಡುಹಿಡಿಯಬೇಕೆಂದು ರಸಾಯನಜ್ಞರು ದಶಕಗಳ ಕಾಲ ಶ್ರಮಿಸಿದರು. ಪೂರ್ಣವಾಗಿ ಅಂತಹ ಒಂದೂ ದೊರೆಯಲಿಲ್ಲ. ಇದಕ್ಕೆ ಕಾರಣ ಹೀಗಿದೆ: ಈ ಹಾರ್ಮೋನು ಜೀವಕೋಶದ ಒಳಹೊಕ್ಕು ಅಲ್ಲಿರುವ ಒಂದು ಗ್ರಾಹಕ ಪ್ರೋಟೀನಿನೊಡನೆ ಕೂಡಿಕೊಂಡು, ವಂಶವಾಹಿಗಳ ಮೇಲೆ ಪ್ರಭಾವ ಬೀರಿ ತನ್ನ ಕೆಲಸವನ್ನು ನಡಸುತ್ತದೆ. ಮಾಂಸಖಂಡದಲ್ಲಿರುವ ಗ್ರಾಹಕವೇ ಹೃದಯದಲ್ಲಿ, ಚರ್ಮದಲ್ಲಿ, ಕೂದಲಿನ ಬುಡದಲ್ಲಿ, ಧ್ವನಿಪೆಟ್ಟಿಗೆಯಲ್ಲಿ, ಮಿದುಳಿನಲ್ಲಿ ಇದೆ. ತೋಳಿಗೆಂದು ಕಳುಹಿದ ಓಲೆಯನ್ನು ಮೈಯೆಲ್ಲವೂ ಓದಿಕೊಳ್ಳುತ್ತದೆ. ಲಾಭವನ್ನು ತಂದ ದಾರಿಯಲ್ಲಿಯೇ ಹಾನಿಯೂ ಬರುತ್ತದೆ.

ಎರಡನೆಯದಾಗಿ, ದೇಹವು ತನ್ನ ಹಾರ್ಮೋನಿನ ಮಟ್ಟವನ್ನು ತಾನೇ ಕಾಯ್ದುಕೊಳ್ಳುತ್ತದೆ. ರಕ್ತದಲ್ಲಿ ಟೆಸ್ಟೊಸ್ಟೆರೋನು ಹೆಚ್ಚಿದಾಗ ಮಿದುಳೂ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಯೂ ವೃಷಣಗಳಿಗೆ ಕಳುಹುವ ಚೋದನೆಯನ್ನು ನಿಲ್ಲಿಸುತ್ತವೆ. ನಾಲೆಯ ಕೊನೆಯಲ್ಲಿ ನೀರು ತುಂಬಿತೆಂದು ತಿಳಿದು ಮೇಲಣ ತೂಬನ್ನು ಮುಚ್ಚಿದಂತೆ. ಹೊರಗಿನಿಂದ ಹಾರ್ಮೋನು ಬರುತ್ತಿರುವವರೆಗೆ ವೃಷಣಗಳು ಕೆಲಸವಿಲ್ಲದೆ ಕುಗ್ಗುತ್ತವೆ; ವೀರ್ಯಾಣುಗಳ ಉತ್ಪತ್ತಿ ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಟೆಸ್ಟೊಸ್ಟೆರೋನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಲಾಯಿತು. ವಾರಕ್ಕೆ ೨೦೦ ಮಿಲಿಗ್ರಾಮಿನಂತೆ ಸೂಜಿಮದ್ದು ಪಡೆದ ೨೭೧ ಮಂದಿಯಲ್ಲಿ ೧೫೭ ಮಂದಿಗೆ ಆರು ತಿಂಗಳೊಳಗೆ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಾದುವು. ಪೌರುಷವನ್ನು ಹೆಚ್ಚಿಸಿಕೊಳ್ಳಲೆಂದು ಸೇವಿಸುವ ವಸ್ತುವು ಸಂತಾನಶಕ್ತಿಯನ್ನು ತಡೆಯುವ ವಸ್ತುವೂ ಹೌದೆಂಬುದನ್ನು ಎಷ್ಟು ಮಂದಿ ತರುಣರು ಬಲ್ಲರು? ಔಷಧವನ್ನು ಬಿಟ್ಟ ಮೇಲೆ ಬಹುಮಂದಿಯಲ್ಲಿ ಈ ಶಕ್ತಿ ಮರಳುತ್ತದೆ. ಆದರೆ ಅದಕ್ಕೆ ತಿಂಗಳುಗಳು, ಕೆಲವರಲ್ಲಿ ಒಂದು ವರ್ಷಕ್ಕೂ ಮಿಕ್ಕು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಹೊರಗಿನ ಹಾರ್ಮೋನೂ ಇಲ್ಲ, ಒಳಗಿನದೂ ಇಲ್ಲ. ಆಗ ಕವಿಯುವ ನಿಶ್ಶಕ್ತಿಯೂ ಮನಸ್ಸಿನ ಖಿನ್ನತೆಯೂ ಅನೇಕರನ್ನು ಮತ್ತೆ ಔಷಧದ ಕಡೆಗೇ ಎಳೆಯುತ್ತವೆ.

೫. ಅಂಗಾಂಗಗಳ ಮೇಲಣ ಪರಿಣಾಮ

ಹೃದಯ: ಎಲ್ಲಕ್ಕಿಂತ ಗುರುತರವಾದ ಹಾನಿಯು ಇಲ್ಲಿಯದು. ರಕ್ತನಾಳಗಳನ್ನು ಕಾಪಾಡುವುದೆನ್ನಲಾದ ಎಚ್.ಡಿ.ಎಲ್. ಕೊಲೆಸ್ಟರಾಲು ಇಳಿಯುತ್ತದೆ, ನುಂಗುವ ಮಾತ್ರೆಗಳಿಂದ ಈ ಇಳಿತವು ಹೆಚ್ಚು. ಕೆಂಪು ರಕ್ತಕಣಗಳು ಹೆಚ್ಚಿ ರಕ್ತವು ಮಂದವಾಗುತ್ತದೆ. ರಕ್ತದ ಒತ್ತಡವು ಏರುತ್ತದೆ. ಹೃದಯದ ಎಡಗೋಡೆ ದಪ್ಪನಾಗುತ್ತದೆ. ೨೦೧೭ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ದೀರ್ಘಕಾಲ ಸ್ಟೀರಾಯ್ಡು ಸೇವಿಸಿದ ೮೬ ಮಂದಿ ಭಾರಸಾಧಕರನ್ನು, ಸೇವಿಸದ ೫೪ ಮಂದಿ ಭಾರಸಾಧಕರೊಡನೆ ಹೋಲಿಸಲಾಯಿತು. ಹೃದಯದ ಎಡಗೂಡು ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಹೊರದೂಡುವ ಪಾಲು ಸೇವಿಸದವರಲ್ಲಿ ಸರಾಸರಿ ನೂರಕ್ಕೆ ೬೩ ಇದ್ದರೆ ಸೇವಿಸಿದವರಲ್ಲಿ ನೂರಕ್ಕೆ ೫೨ ಇತ್ತು. ಹೊರಗೆ ಕಾಣುವ ಮಾಂಸಖಂಡಗಳು ಉಬ್ಬಿದಂತೆಲ್ಲ ಒಳಗಿನ ಮಾಂಸಖಂಡವು ದುರ್ಬಲವಾಯಿತೆಂಬುದು ಇದರಿಂದ ತಿಳಿಯುತ್ತದೆ.

ಯಕೃತ್ತು: ೧೭ನೆಯ ಇಂಗಾಲದ ಮಾರ್ಪಾಡಿನಿಂದ ಬಾಯಿಯ ಮೂಲಕ ಸೇವಿಸಲು ಯೋಗ್ಯವಾದ ಮಾತ್ರೆಗಳೇ ಯಕೃತ್ತಿಗೆ ವಿಷವಾಗುತ್ತವೆ. ಪಿತ್ತರಸದ ಹರಿವು ತಡೆದು ಕಾಮಾಲೆಯಾಗುವುದು, ಯಕೃತ್ತಿನಲ್ಲಿ ರಕ್ತ ತುಂಬಿದ ಚೀಲಗಳೂ ಗಂತಿಗಳೂ ಏಳುವುದು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ.

ಪುರುಷರಲ್ಲಿ: ಮಿತಿಮೀರಿದ ಟೆಸ್ಟೊಸ್ಟೆರೋನಿನ ಒಂದಂಶವನ್ನು ದೇಹವು ಸ್ತ್ರೀ ಹಾರ್ಮೋನಾಗಿ ಪರಿವರ್ತಿಸುವುದರಿಂದ ಸ್ತನಗಳು ಬೆಳೆಯುತ್ತವೆ, ಒಮ್ಮೆ ಗಟ್ಟಿಯಾಗಿ ಬೆಳೆದರೆ ಶಸ್ತ್ರಚಿಕಿತ್ಸೆಯಲ್ಲದೆ ಪರಿಹಾರವಿಲ್ಲ. ಬೆನ್ನಿನ ಮೇಲೆ ಮೊಡವೆಗಳು ಏಳುತ್ತವೆ, ತಲೆಗೂದಲು ಉದುರುತ್ತದೆ.

ಸ್ತ್ರೀಯರಲ್ಲಿ: ಧ್ವನಿಯು ಗಡುಸಾಗುವುದು, ಮುಖದ ಮೇಲೆ ರೋಮ ಬೆಳೆಯುವುದು, ಮುಟ್ಟು ಏರುಪೇರಾಗುವುದು ಕಂಡುಬರುತ್ತವೆ. ಇವುಗಳಲ್ಲಿ ಧ್ವನಿಯ ಬದಲಾವಣೆಯು ಔಷಧವನ್ನು ಬಿಟ್ಟರೂ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ಹದಿಹರೆಯದವರಲ್ಲಿ: ಎಲುಬಿನ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿಗಳು ಅಕಾಲದಲ್ಲಿಯೇ ಮುಚ್ಚಿಕೊಂಡು ಎತ್ತರವು ಅಲ್ಲಿಗೇ ನಿಲ್ಲುತ್ತದೆ. ದೊಡ್ಡವನಾಗಬೇಕೆಂದು ಸೇವಿಸಿದ ಹುಡುಗನು ಕುಳ್ಳನಾಗಿ ಉಳಿಯುತ್ತಾನೆ.

ಇಷ್ಟಲ್ಲದೆ ಸಿಡುಕು, ಆವೇಶ, ನಿದ್ರಾಹೀನತೆ ಮುಂತಾದ ಮನೋವಿಕಾರಗಳೂ, ಒಂದೇ ಸೂಜಿಯನ್ನು ಹಲವರು ಬಳಸುವುದರಿಂದ ಎಚ್.ಐ.ವಿ. ಹಾಗೂ ಕಾಮಾಲೆಯ ವೈರಸ್ಸುಗಳೂ ಅಂಟುವ ಭಯವುಂಟು.

೬. ಪತ್ತೆಯ ವಿಧಾನ: ರಾಗಿ ಮತ್ತು ಸೋಯಾ

ಮೆಥಾಂಡಿಯನೋನಿನಂತಹ ಕೃತಕ ವಸ್ತುವು ದೇಹದಲ್ಲಿ ಸಹಜವಾಗಿ ಇರತಕ್ಕದ್ದಲ್ಲ. ಮೂತ್ರದಲ್ಲಿ ಅದರ ಕುರುಹು ದೊರೆತರೆ ಅಷ್ಟೇ ಸಾಕು. ಆದರೆ ಟೆಸ್ಟೊಸ್ಟೆರೋನು ಎಲ್ಲರ ಮೈಯಲ್ಲಿಯೂ ಇರುವುದಾದುದರಿಂದ, ದೊರೆತದ್ದು ದೇಹದ್ದೋ ಸೀಸೆಯದೋ ಎಂದು ನಿರ್ಣಯಿಸುವುದು ಹೇಗೆ? ಇದಕ್ಕೆ ಉತ್ತರವನ್ನು ಕೊಟ್ಟುದು ಸಸ್ಯಶಾಸ್ತ್ರ.

ಗಾಳಿಯ ಇಂಗಾಲದಲ್ಲಿ ಬಹುಪಾಲು ೧೨ರ ತೂಕದ್ದು. ನೂರಕ್ಕೆ ಒಂದರಷ್ಟು ೧೩ರ ತೂಕದ್ದು. ಬತ್ತ, ಸೋಯಾ ಮೊದಲಾದ ಸಿ-೩ ವರ್ಗದ ಸಸ್ಯಗಳು ಭಾರವಾದ ಇಂಗಾಲವನ್ನು ಹೆಚ್ಚಾಗಿ ದೂರವಿಡುತ್ತವೆ. ಕಬ್ಬು, ಜೋಳ, ರಾಗಿಯಂತಹ ಸಿ-೪ ವರ್ಗದವು ಅಷ್ಟಾಗಿ ದೂರವಿಡುವುದಿಲ್ಲ. ಇಂಡಾಫ್ ರಾಗಿಯ ತಳಿಗಳನ್ನು ಲಕ್ಷ್ಮಣಯ್ಯನವರು ಬೆಳೆಸಿದ ಈ ನೆಲದಲ್ಲಿ, ಒಂದು ಬದಿಗೆ ಬತ್ತವೂ ಇನ್ನೊಂದು ಬದಿಗೆ ಕಬ್ಬೂ ಇರುವಾಗ, ಎರಡು ವರ್ಗಗಳೂ ನಮ್ಮ ಕಣ್ಣೆದುರಿಗೇ ಇವೆ. ಮನುಷ್ಯನು ಎರಡನ್ನೂ ಬೆರಸಿ ಉಣ್ಣುವುದರಿಂದ ಅವನ ದೇಹದ ಇಂಗಾಲವು ಅವೆರಡರ ನಡುವಣ ಗುರುತನ್ನು ಹೊತ್ತಿರುತ್ತದೆ. ಕಾರ್ಖಾನೆಯ ಟೆಸ್ಟೊಸ್ಟೆರೋನಾದರೋ ಸಾಮಾನ್ಯವಾಗಿ ಸೋಯಾ ಮುಂತಾದ ಸಿ-೩ ಸಸ್ಯಗಳ ಸ್ಟೆರಾಲಿನಿಂದ ತಯಾರಾಗುವುದರಿಂದ ಅದರಲ್ಲಿ ಭಾರವಾದ ಇಂಗಾಲವು ಕಡಿಮೆ. ಮುದ್ದೆ ಉಣ್ಣುವವನ ಗುರುತೂ ಅನ್ನ ಉಣ್ಣುವವನ ಗುರುತೂ ಬೇರೆ ಬೇರೆಯಾಗಬಹುದಷ್ಟೆ. ಆ ಕಾರಣದಿಂದ ಪರೀಕ್ಷಕರು ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸದೆ, ಅದೇ ವ್ಯಕ್ತಿಯ ಮೂತ್ರದಲ್ಲಿರುವ ಬೇರೊಂದು ಸಹಜ ಸ್ಟೀರಾಯ್ಡಿನೊಡನೆ ಹೋಲಿಸುತ್ತಾರೆ. ಎರಡರ ಗುರುತುಗಳು ತಾಳೆಯಾಗದಿದ್ದರೆ ಟೆಸ್ಟೊಸ್ಟೆರೋನು ಹೊರಗಿನಿಂದ ಬಂದುದೆಂದು ಸಿದ್ಧವಾಗುತ್ತದೆ.

೭. ನಿಯಂತ್ರಣ, ಮತ್ತು ಕನ್ನಡನಾಡಿನ ಒಂದು ನಿದರ್ಶನ

ಒಲಿಂಪಿಕ್ ಕೂಟಗಳಲ್ಲಿ ಸ್ಟೀರಾಯ್ಡಿನ ಪರೀಕ್ಷೆಯು ೧೯೭೬ರ ಮಾಂಟ್ರಿಯಲ್ ಕೂಟದಿಂದ ಮೊದಲಾಯಿತು. ೧೯೮೮ರಲ್ಲಿ ಸೋಲ್ ನಗರದಲ್ಲಿ ೧೦೦ ಮೀಟರ್ ಓಟವನ್ನು ಗೆದ್ದ ಕೆನಡದ ಬೆನ್ ಜಾನ್ಸನ್ ಸ್ಟಾನೊಝೊಲಾಲ್ ಸೇವಿಸಿದುದು ಬಯಲಾಗಿ ಚಿನ್ನದ ಪದಕವನ್ನು ಕಳೆದುಕೊಂಡನು. ೧೯೯೯ರಲ್ಲಿ ವಿಶ್ವ ಉದ್ದೀಪನ ನಿರೋಧಕ ಸಂಸ್ಥೆಯಾದ ವಾಡಾ ಸ್ಥಾಪಿತವಾಯಿತು. ಭಾರತದಲ್ಲಿ ನಾಡಾ ೨೦೦೫ರಲ್ಲಿ ಹುಟ್ಟಿತು. ೨೦೨೨ರ ರಾಷ್ಟ್ರೀಯ ಉದ್ದೀಪನ ನಿರೋಧಕ ಅಧಿನಿಯಮವು ಇದಕ್ಕೆ ಶಾಸನದ ಬಲವನ್ನು ಕೊಟ್ಟಿತು. ಅದೇ ೨೦೨೨ರಲ್ಲಿ ಭಾರತದಲ್ಲಿ ಪರೀಕ್ಷಿಸಿದ ೩,೮೬೫ ಮಾದರಿಗಳಲ್ಲಿ ೧೨೫ರಲ್ಲಿ ನಿಷಿದ್ಧ ವಸ್ತುಗಳು ಕಂಡುಬಂದುವು. ನೂರಕ್ಕೆ ಮೂರನ್ನು ಮೀರಿದ ಈ ಪ್ರಮಾಣವು ನಮಗೆ ಹೆಮ್ಮೆಯದಲ್ಲ.

ಈ ಕಟ್ಟಳೆಯ ಮೂಲತತ್ತ್ವವು ಕಠಿನವಾದುದು: ಕ್ರೀಡಾಪಟುವಿನ ಮೈಯಲ್ಲಿ ನಿಷಿದ್ಧ ವಸ್ತು ದೊರೆತರೆ ಅದಕ್ಕೆ ಅವರೇ ಹೊಣೆ, ತಿಳಿಯದೆ ಸೇವಿಸಿದೆನೆಂಬುದು ಶಿಕ್ಷೆಯನ್ನು ತಗ್ಗಿಸಲು ಕಾರಣವಾದೀತು, ತಪ್ಪನ್ನು ಅಳಿಸಲಾರದು. ಇದರ ಕಾಠಿನ್ಯವನ್ನು ಕರ್ನಾಟಕವು ಹತ್ತಿರದಿಂದ ಕಂಡಿದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ ಅವರು ೨೦೧೦ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ೪×೪೦೦ ಮೀಟರ್ ರಿಲೇಯಲ್ಲಿಯೂ, ಗ್ವಾಂಗ್‌ಜೌ ಏಷ್ಯನ್ ಕೂಟದ ೪೦೦ ಮೀಟರ್ ಹರ್ಡಲ್ಸ್ ಮತ್ತು ರಿಲೇಗಳಲ್ಲಿಯೂ ಚಿನ್ನವನ್ನು ಗಳಿಸಿ ನಾಡಿನ ಮನೆಮಾತಾಗಿದ್ದರು. ೨೦೧೧ರಲ್ಲಿ ಅವರ ಮಾದರಿಯಲ್ಲಿ ಮೆಥಾಂಡಿಯನೋನ್ ಕಂಡುಬಂದಿತು. ಅದೇ ಶಿಬಿರದ ಇನ್ನೂ ಕೆಲವು ಓಟಗಾರ್ತಿಯರ ಮಾದರಿಗಳಲ್ಲಿಯೂ ಸ್ಟೀರಾಯ್ಡು ದೊರೆಯಿತು. ತರಬೇತುದಾರರು ಚೀನದಿಂದ ತಂದುಕೊಟ್ಟ ಜಿನ್‌ಸೆಂಗ್ ಎಂಬ ಪೂರಕ ಆಹಾರದಿಂದ ಅದು ಬಂದಿತೆಂದು ಅವರು ವಾದಿಸಿದರು. ನಾಡಾದ ಶಿಸ್ತು ಮಂಡಳಿಯು ಉದ್ದೇಶಪೂರ್ವಕವಲ್ಲವೆಂಬುದನ್ನು ಗಣಿಸಿ ಒಂದು ವರ್ಷದ ನಿಷೇಧವನ್ನು ವಿಧಿಸಿತು. ೨೦೧೨ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಯು ಅದನ್ನು ಎರಡು ವರ್ಷಕ್ಕೆ ಏರಿಸಿತು. ಆ ನಡುವೆ ಲಂಡನ್ ಒಲಿಂಪಿಕ್ಸ್ ಕಳೆದುಹೋಯಿತು. ೨೦೧೫ರಿಂದ ಈಚೆಗೆ ಇಂತಹ ವಸ್ತುಗಳಿಗೆ ಸಾಮಾನ್ಯ ಶಿಕ್ಷೆಯು ನಾಲ್ಕು ವರ್ಷ.

ಪೂರಕ ಆಹಾರದ ಡಬ್ಬಿಯಲ್ಲಿ ಸ್ಟೀರಾಯ್ಡು ಅಡಗಿರುವುದು ಕಲ್ಪನೆಯ ಮಾತಲ್ಲ. ಜರ್ಮನಿಯ ಕೊಲೋನ್ ಪ್ರಯೋಗಶಾಲೆಯು ೧೩ ದೇಶಗಳಲ್ಲಿ ಕೊಂಡ ೬೩೪ ಪೂರಕಗಳನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ೯೪ರಲ್ಲಿ ಚೀಟಿಯ ಮೇಲೆ ನಮೂದಿಸದ ಸ್ಟೀರಾಯ್ಡುಗಳಿದ್ದುವು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ೨೦೧೬ರ ನಿಯಮಗಳು ಪೂರಕಗಳಿಗೆ ಹಾರ್ಮೋನನ್ನಾಗಲಿ ಸ್ಟೀರಾಯ್ಡನ್ನಾಗಲಿ ಸೇರಿಸಕೂಡದೆಂದು ವಿಧಿಸುತ್ತವೆ. ಆದರೆ ಡಬ್ಬಿಯೊಳಗಿನದನ್ನು ಕೊಳ್ಳುವವನ ಕಣ್ಣು ಕಾಣಲಾರದು.

೮. ಕಟ್ಟಳೆ ತಲಪದ ಕಡೆ

ಮೇಲೆ ಹೇಳಿದ ಪರೀಕ್ಷೆ, ನಿಷೇಧ, ನ್ಯಾಯಮಂಡಲಿ ಎಲ್ಲವೂ ಪಂದ್ಯಗಳಲ್ಲಿ ಸ್ಪರ್ಧಿಸುವವರಿಗಾಗಿ. ಮೈಕಟ್ಟನ್ನು ಕನ್ನಡಿಯಲ್ಲಿ ನೋಡಿಕೊಳ್ಳಲೆಂದು ಮಾತ್ರ ಸೇವಿಸುವ ವಿದ್ಯಾರ್ಥಿಯ ಮೂತ್ರವನ್ನು ಯಾರೂ ಪರೀಕ್ಷಿಸುವುದಿಲ್ಲ. ಅಮೆರಿಕವು ೧೯೯೦ರ ಶಾಸನದಿಂದ ಇವುಗಳನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಇವು ೧೯೪೫ರ ಔಷಧ ನಿಯಮಗಳ ‘ಎಚ್’ ಅನುಸೂಚಿಗೆ ಸೇರಿವೆ. ಎಂದರೆ ವೈದ್ಯರ ಚೀಟಿಯಿಲ್ಲದೆ ಮಾರುವುದು ಅಪರಾಧ. ಈ ನಿಯಮದ ಹೊಣೆಯು ಮುಖ್ಯವಾಗಿ ಮಾರುವವನ ಮೇಲಿದೆ; ಸೇವಿಸುವವನಿಗೆ ತಿಳಿಯಹೇಳುವ ಕೆಲಸವು ಶಾಸನದಿಂದ ಮಾತ್ರ ಆಗುವಂತಹುದಲ್ಲ. ಆ ಎಡೆಯನ್ನು ತುಂಬಬೇಕಾದವರು ಅಧ್ಯಾಪಕರೂ ಮನೆಯವರೂ ಗೆಳೆಯರೂ.

ಕೆಲವೇ ವಾರಗಳಲ್ಲಿ ಮೈ ಉಬ್ಬುವುದು, ಬೆನ್ನಿನ ತುಂಬ ಮೊಡವೆ, ಎದೆಯ ಊತ, ಕಾರಣವಿಲ್ಲದ ಸಿಡುಕು, ಕಣ್ಣು ಹಳದಿಯಾಗುವುದು, ಇವು ಗಮನಿಸಬೇಕಾದ ಲಕ್ಷಣಗಳು. ಇಂತಹ ಹುಡುಗನನ್ನು ಗದರಿಸುವುದರಿಂದ ಪ್ರಯೋಜನವಿಲ್ಲ; ಗದರಿಸಿದರೆ ಮರೆಮಾಡುತ್ತಾನೆ. ವೈದ್ಯರ ಬಳಿಗೆ ಕರೆದೊಯ್ದು, ಏನನ್ನು ಎಷ್ಟು ದಿನ ಸೇವಿಸಿದನೆಂಬುದನ್ನು ಸತ್ಯವಾಗಿ ಹೇಳಿಸಿ, ರಕ್ತ, ಯಕೃತ್ತು, ಹೃದಯಗಳ ಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಕವಿಯುವ ಖಿನ್ನತೆಯ ಕಾಲದಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು.

ಗರಡಿಮನೆಯ ಸಂಪ್ರದಾಯವು ಈ ಸೀಮೆಗೆ ಹೊಸದಲ್ಲ. ಮೈಸೂರಿನ ದಸರಾ ಕುಸ್ತಿಗೆ ಇಳಿಯುವ ಪೈಲ್ವಾನನು ವರ್ಷಗಟ್ಟಲೆ ಮಟ್ಟಿಯಲ್ಲಿ ಉರುಳಾಡಿ ಮೈಯನ್ನು ಹದಗೊಳಿಸುತ್ತಾನೆ. ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೇಲ್ಪಟ್ಟು ಪ್ರೋಟೀನಿದೆ. ಹಾಲು, ಮೊಟ್ಟೆ, ಅವರೆ, ಕಡಲೆಗಳು ನಮ್ಮ ಊರುಗಳಲ್ಲಿ ದೊರೆಯದ ವಸ್ತುಗಳಲ್ಲ. ಈ ದಾರಿಯಲ್ಲಿ ಹತ್ತು ವಾರಕ್ಕೆ ಆರು ಕಿಲೋಗ್ರಾಂ ಬರಲಾರದೆಂಬುದು ನಿಜ, ಎರಡು ಬಂದೀತು. ಅದನ್ನು ವಿದ್ಯಾರ್ಥಿಗೆ ಹಾಗೆಯೇ ಹೇಳಬೇಕು. ಬಂದ ಆ ಎರಡು ಕಿಲೋಗ್ರಾಮಿಗೆ ಹೃದಯವಾಗಲಿ ಸಂತಾನವಾಗಲಿ ಬೆಲೆ ತೆರಬೇಕಾಗಿಲ್ಲವೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು. ಎರಡು ಮಾತುಗಳನ್ನೂ ಕೇಳಿದವನು ತಾನಾಗಿಯೇ ಸರಿಯಾದುದನ್ನು ಆರಿಸಿಕೊಳ್ಳುವನೆಂದು ನಂಬಲು ಕಾರಣವಿದೆ.